ಲಸಿಕೆ ಸರ್ಕಾರದ್ದು, ಗಡುವು ಯಾರದ್ದು?

ಚರ್ಮಗಂಟು ರೋಗಕ್ಕೆ ಸ್ವದೇಶಿ ಲಸಿಕೆ ಸಿದ್ಧವಾಗಿದೆ ಎಂದು ಕೇಂದ್ರ ಕೃಷಿ ಸಚಿವರು ಪ್ರಕಟಿಸಿದ್ದು 2022ರ ಆಗಸ್ಟ್ 10ರಂದು. ಆ ಲಸಿಕೆಯನ್ನು ತಯಾರಿಸಿ ಮಾರಲು ನಮ್ಮ ಮಾಲೂರಿನ ಬಯೋವೆಟ್ ಕಂಪನಿಗೆ ಕೇಂದ್ರದ ಪರವಾನಗಿ ದೊರೆತದ್ದು 2025ರ ಫೆಬ್ರುವರಿಯಲ್ಲಿ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನಗಳು ಈ ರೋಗಕ್ಕೆ ಬಲಿಯಾದವು. ಹಾವೇರಿ, ಬೆಳಗಾವಿಯ ರೈತರೂ ಎತ್ತು, ಹಸು ಕಳೆದುಕೊಂಡರು. ಪಶುವೈದ್ಯರ ಕೈಯಲ್ಲಿ ಆಗ ಇದ್ದದ್ದು ಮೇಕೆ ಸಿಡುಬಿನ ಲಸಿಕೆ ಮಾತ್ರ.

ವಿಜ್ಞಾನಿಗಳು ತಡಮಾಡಲಿಲ್ಲ. 2019ರಲ್ಲಿ ರಾಂಚಿಯಲ್ಲಿ ಸಿಕ್ಕ ವೈರಾಣುವನ್ನು ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದವರು ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿದರು. ಇಜ್ಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಜೊತೆಗೂಡಿತು. ಸಂಬಳ, ಪ್ರಯೋಗಾಲಯ, ಪ್ರಯೋಗದ ಕರುಗಳು, ಎಲ್ಲವೂ ಜನರ ತೆರಿಗೆ ಹಣದ್ದು. ಈ ಸಂಸ್ಥೆಗಳನ್ನು ನಡೆಸುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ತಂತ್ರಜ್ಞಾನವನ್ನು ಉದ್ಯಮಕ್ಕೆ ದಾಟಿಸಲೆಂದೇ ಕೇಂದ್ರ ಸರ್ಕಾರ 2011ರಲ್ಲಿ ಆಗ್ರಿಇನ್ನೋವೇಟ್ ಇಂಡಿಯಾ ಎಂಬ ಕಂಪನಿ ಕಟ್ಟಿದೆ.

ಹೀಗೆ ದಾಟಿಸುವಾಗ ಪೇಟೆಂಟ್ ಒಂದನ್ನೇ ನೆಚ್ಚುವಂತಿಲ್ಲ, ಪಶು ವಿಜ್ಞಾನದಲ್ಲಿ ಅದರ ಕೈ ಮೊದಲೇ ಗಿಡ್ಡ. 1970ರ ಪೇಟೆಂಟ್ ಕಾಯ್ದೆಯ 3ನೇ ಕಲಮು ಪ್ರಾಣಿಗಳನ್ನೂ, ಅವುಗಳ ತಳಿಗಳನ್ನೂ, ರೋಗ ಗುಣಪಡಿಸುವ ಚಿಕಿತ್ಸಾ ವಿಧಾನಗಳನ್ನೂ ಹೊರಗಿಟ್ಟಿದೆ. ಅದು ಸರಿಯೇ, ಹಳ್ಳಿಕಾರ್ ತಳಿ ಯಾರೊಬ್ಬರ ಸೊತ್ತೂ ಆಗಬಾರದು. ಲಸಿಕೆಗೆ ಪೇಟೆಂಟ್ ಸಿಗಬಹುದು. ಆದರೂ ನಿಜವಾದ ಬಲ ಇರುವುದು ಮೂಲ ವೈರಾಣುವಿನ ಸೀಸೆಯಲ್ಲಿ, ಅದನ್ನು ಬೆಳೆಸುವ ಕೈಚಳಕದಲ್ಲಿ. ಅವೆರಡನ್ನೂ ಯಾವ ಷರತ್ತಿನ ಮೇಲೆ ಕೊಟ್ಟೆವು ಎಂಬುದನ್ನು ತೀರ್ಮಾನಿಸುವುದು ಒಪ್ಪಂದಪತ್ರ. ಸಾರ್ವಜನಿಕ ಹಿತ ಕಾಯಬೇಕಾದ ಜಾಗ ಅದೇ.

ಈ ಲಸಿಕೆಯ ವಿಷಯದಲ್ಲಿ ಒಂದು ಹೆಜ್ಜೆ ಮೆಚ್ಚುವಂಥದ್ದು. ಒಬ್ಬರಿಗೇ ಹಕ್ಕು ಬಿಟ್ಟುಕೊಡದೆ, 2022ರ ಕೊನೆಯಲ್ಲಿ ಮಹಾರಾಷ್ಟ್ರ ಸರ್ಕಾರದ ಪುಣೆಯ ಲಸಿಕಾ ಸಂಸ್ಥೆಗೂ ತಂತ್ರಜ್ಞಾನ ನೀಡಲಾಯಿತು. ಏಕಸ್ವಾಮ್ಯ ಇಲ್ಲದಿದ್ದರೆ ಬಂಡವಾಳ ಹೂಡುವವರಾರು ಎಂದು ಕಂಪನಿಗಳು ಕೇಳುತ್ತವೆ. ಸಣ್ಣ ಮಾರುಕಟ್ಟೆಯ ಉತ್ಪನ್ನಕ್ಕೆ ಆ ವಾದ ಒಪ್ಪಬಹುದು. ಸಾಂಕ್ರಾಮಿಕ ರೋಗದ ಲಸಿಕೆಗೆ ಅತಿ ದೊಡ್ಡ ಗಿರಾಕಿ ಸರ್ಕಾರವೇ. ಹಾಗಾಗಿ ಅಲ್ಲಿ ಒಬ್ಬರಿಗೇ ಹಕ್ಕು ಕೊಡುವುದಕ್ಕೆ ಕಾರಣವೇ ಇಲ್ಲ.

ತಡವನ್ನೆಲ್ಲ ಕಂಪನಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಇದು ಜೀವಂತ ವೈರಾಣುವಿನ ಲಸಿಕೆ. ಗಬ್ಬದ ಹಸುವಿಗೆ, ಹಾಲಿಗೆ ತೊಂದರೆಯಿಲ್ಲ ಎಂದು ಖಚಿತವಾಗುವವರೆಗೆ ಅವಸರ ಸಲ್ಲದು. ಆದರೆ ಆ ಪರೀಕ್ಷೆಗಳ ಖರ್ಚನ್ನು ಸರ್ಕಾರವೇ ಹೊತ್ತು, ಒಪ್ಪಂದಕ್ಕೆ ಕಾಯದೆ ಮೊದಲೇ ಶುರುಮಾಡಬಹುದು. ಒಪ್ಪಂದದಲ್ಲಿ ಪ್ರತಿ ಹಂತಕ್ಕೂ ಗಡುವು ಬೇಕು, ತಪ್ಪಿದರೆ ಹಕ್ಕು ವಾಪಸಾಗಬೇಕು, ಸರ್ಕಾರ ಕೊಳ್ಳುವ ದರವೂ ಅಲ್ಲೇ ನಿಗದಿಯಾಗಬೇಕು. ದಶಕಗಳಿಂದ ಲಸಿಕೆ ತಯಾರಿಸುತ್ತಿರುವ ಹೆಬ್ಬಾಳದ ಪಶು ಜೈವಿಕ ಸಂಸ್ಥೆಯಂಥ ಸರ್ಕಾರಿ ಘಟಕಗಳಿಗೆ ಇಂಥ ತಂತ್ರಜ್ಞಾನ ಶುಲ್ಕವಿಲ್ಲದೆ ಸಿಗಬೇಕು. ಮೂಲ ವೈರಾಣುವನ್ನು ಯಾರಿಗೆ, ಯಾವ ಷರತ್ತಿಗೆ ಕೊಡಲಾಯಿತು ಎಂಬುದನ್ನು ಪರಿಷತ್ತು ತಾನಾಗಿಯೇ ಪ್ರಕಟಿಸಲಿ. ಮಾಹಿತಿ ಹಕ್ಕಿನ ಅರ್ಜಿ ಹಿಡಿದು ರೈತ ದೆಹಲಿಗೆ ಬರೆಯಬೇಕಾದ ಸ್ಥಿತಿ ಇರಬಾರದು.