ಹಳೆಯ ರೇಡಿಯೋವಿಗೆ ಹೊಸ ಅಂಕಿಗಳು ಬೇಕೇ?

ಮನೆಯಲ್ಲಿ ಹಳೆಯ ವಾಲ್ವ್ ರೇಡಿಯೋ ಇದೆಯೆಂದರೆ ಸಾಕು, ದಾವಣಗೆರೆಯ ಮಿತ್ರರು ಕೊಡುವ ಸಲಹೆ ಒಂದೇ: "ಗಾಜಿನ ಡಯಲ್ ಕಿತ್ತುಹಾಕು, ಕೆಂಪು ಅಂಕಿ ಹೊಳೆಯುವ ಫ್ರೀಕ್ವೆನ್ಸಿ ಕೌಂಟರ್ ಕೂಡಿಸು." ಈ ಸಲಹೆಯನ್ನು ನಾನು ಒಪ್ಪಲಾರೆ.

ಡಯಲಿನಲ್ಲಿ ದೋಷವಿರುವುದು ನಿಜ. ನಮ್ಮ ಮನೆಯ ಸೆಟ್ಟಿನಲ್ಲಿ 31 ಮೀಟರ್ ಪಟ್ಟಿ, ಎಂದರೆ 9,400ರಿಂದ 9,900 ಕಿಲೋಸೈಕಲ್ (ಈಗಿನವರ ಕಿಲೋಹರ್ಟ್ಸ್) ವರೆಗಿನ ಭಾಗ, ಒಂದು ಅಂಗುಲದೊಳಗೆ ಮುಗಿದುಹೋಗುತ್ತದೆ. ಐದು ಕಿಲೋಸೈಕಲ್ಲಿಗೊಂದು ನಿಲಯವೆಂದರೂ ಆ ಅಂಗುಲದಲ್ಲಿ ನೂರು ನಿಲಯಗಳು ಕೂರಬೇಕು. ಮುಳ್ಳಿನ ದಪ್ಪವೇ ನಾಲ್ಕಾರನ್ನು ನುಂಗುತ್ತದೆ.

ಆದರೆ ಕೌಂಟರ್ ಅಳೆಯುವುದಾದರೂ ಏನನ್ನು? ನಿಲಯವನ್ನಲ್ಲ, ಸೆಟ್ಟಿನೊಳಗಿನ ಆಸಿಲೇಟರನ್ನು. ಅದು ಸಾಮಾನ್ಯವಾಗಿ 455 ಕಿಲೋಸೈಕಲ್ ಮೇಲಿರುತ್ತದೆ. 9,500ರ ನಿಲಯವನ್ನು ಕೇಳುವಾಗ ಆಸಿಲೇಟರ್ 9,955ರಲ್ಲಿರುತ್ತದೆ. ಕೌಂಟರ್ 455 ಕಳೆದು ತೋರಿಸುತ್ತದೆ, ಅಷ್ಟೆ. ಮುಪ್ಪಾದ ಐ.ಎಫ್. ಸುರುಳಿಗಳು 460ಕ್ಕೆ ಸರಿದಿದ್ದರೆ? ಆಗ ಅದು 9,505 ಎನ್ನುತ್ತದೆ, ಪಕ್ಕದ ಮನೆಯ ವಿಳಾಸವನ್ನು ಬಹು ಠೀವಿಯಿಂದ!

ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ಬಲ್ಲವರಿಗೆ ಇದರ ಪರಿಹಾರ ಹೊಸದಲ್ಲ. ಲೇತಿನ ಕೈಚಕ್ರಕ್ಕೆ ಗೆರೆ ಕೊರೆದ ಬಳೆಯೊಂದಿರುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮಜ್ಜ ಆ ಊರಿನಲ್ಲಿ ಲೇತ್ ನಡೆಸುತ್ತಿದ್ದವರು. "ಸ್ಕ್ರೂವಿನಲ್ಲಿ ಆಟ ಇರ್ತದಪ್ಪಾ, ಗೆರೆಗೆ ಯಾವಾಗ್ಲೂ ಒಂದೇ ಕಡೆಯಿಂದ ಬರ್ಬೇಕು, ದಾಟಿದ್ರೆ ಪೂರಾ ಹಿಂದಕ್ಕೆ ಹೋಗಿ ಮತ್ತೆ ಬಾ" ಎನ್ನುತ್ತಾರೆ. ರೇಡಿಯೋ ಡಯಲಿನ ದಾರಕ್ಕೂ ಇದೇ ಮಾತು ಸಲ್ಲುತ್ತದೆ. ಗುಂಡಿಗೆ ನೂರು ಗೆರೆಯ ಕಾಗದದ ಬಳೆ ಅಂಟಿಸಿ, ಸೆಟ್ಟು ಅರ್ಧ ಗಂಟೆ ಕಾದ ಮೇಲೆ, 100 ಕಿಲೋಸೈಕಲ್ಲಿನ ಹರಳಿನ ಮಾರ್ಕರ್ ಹಚ್ಚಬೇಕು. ನೂರು ನೂರಕ್ಕೂ ಅದರ ಗುರುತು ಸಿಕ್ಕುತ್ತದೆ: ಗೊರಗೊರ ತಗ್ಗಿ ಮಾಯಾಕಣ್ಣು ಮುಚ್ಚುತ್ತದೆ. ಅವನ್ನು ಗ್ರಾಫ್ ಹಾಳೆಗಿಳಿಸಿದರೆ ನಡುವಿನದನ್ನು ಓದಬಹುದು. ಹರಳನ್ನೇ ಪರೀಕ್ಷಿಸಲು ಅಮೆರಿಕದ ಡಬ್ಲ್ಯೂ.ಡಬ್ಲ್ಯೂ.ವಿ., ಚೀನದ ಬಿ.ಪಿ.ಎಂ. ಎಂಬ ಕಾಲನಿಲಯಗಳು ಸರಿಯಾಗಿ 10,000 ಕಿಲೋಸೈಕಲ್ಲಿನಲ್ಲಿ ಸೆಕೆಂಡುಗಳನ್ನು ಎಣಿಸುತ್ತಿರುತ್ತವೆ. ಎರಡೂ ಕೂಡಿದಾಗ ಏಳುವ ಸಿಳ್ಳು ಇಳಿದಿಳಿದು ಅಡಗುವವರೆಗೆ ಹರಳಿನ ಟ್ರಿಮ್ಮರ್ ತಿರುಗಿಸಿದರಾಯಿತು.

ಬಿ.ಎ. ಓದುವವನಿಗೆ ಈ ಉಸಾಬರಿ ಏಕೆಂದು ವಿಜ್ಞಾನದ ಮಿತ್ರರು ನಗಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಬಿತ್ತರಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರೆಂಬುದನ್ನು ಅವರು ಮರೆಯದಿರಲಿ.

ಕೌಂಟರ್ ಕೊಂಡವರು ಅದನ್ನು ಬಿಸಾಡಬೇಕಿಲ್ಲ. ಪೆಟ್ಟಿಗೆಯನ್ನು ಕೊರೆಯದೆ ಹೊರಗಿಟ್ಟು, ಅದರ ತಂತಿಯನ್ನು ಆಸಿಲೇಟರ್ ವಾಲ್ವಿನ ಸಮೀಪಕ್ಕಷ್ಟೇ ತಂದು ಓದಲಿ. ತಂತಿ ಒಳಗೆ ತಾಗಿದರೆ ಆಸಿಲೇಟರೇ ಸರಿದುಹೋಗುತ್ತದೆ. ಕೈ ತಾಗಿದರೆ ಅಲ್ಲಿರುವುದು ಟಾರ್ಚಿನ ವಿದ್ಯುತ್ತಲ್ಲ.