ನಾಯಕತ್ವವೆಂಬ ಅಮಾನತ್

ನಮ್ಮ ಜಮಾಅತ್‌ಗಳಲ್ಲಿ ಅಧ್ಯಕ್ಷರನ್ನು ಆರಿಸುವಾಗ ಹಣ, ಮನೆತನ, ಮಾತುಗಾರಿಕೆಗಳನ್ನು ತೂಗಿ ನೋಡುತ್ತೇವೆ. ಈತನ ಕೈಯಲ್ಲಿ ಬಡವರ ಕಾಸು ಸುರಕ್ಷಿತವೇ ಎಂದು ಕೇಳುವವರು ವಿರಳ.

ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರನ್ನು ಈ ಪ್ರಶ್ನೆಯೊಂದಿಗೆ ಸ್ಮರಿಸಬೇಕು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು ಅವರ ಮುಂದಾಳತ್ವದಲ್ಲಿ 1906ರ ಮಾರ್ಚ್ 12ರಂದು ಆರಂಭವಾಯಿತು. ಮೊದಲ ದಿನದ ಕೊನೆಗೆ ಅಲ್ಲಿದ್ದುದು 38 ರೂಪಾಯಿ 13 ಆಣೆ 2 ಪೈ. ಬಡ್ಡಿಯ ಕುರಿತು ಇಸ್ಲಾಮಿನ ನಿಲುವು ಸ್ಪಷ್ಟ. ಇಲ್ಲಿ ಚರ್ಚೆ ಅದಲ್ಲ. ಮುಸ್ಲಿಂ ವರ್ತಕರೊಬ್ಬರು ಮುಂದೆ ನಿಂತ ಸಂಸ್ಥೆಗೆ ಎಲ್ಲ ಜಾತಿಮತಗಳ ಜನರು ತಮ್ಮ ಉಳಿತಾಯವನ್ನು ಒಪ್ಪಿಸಿದರಲ್ಲ, ಅಂತಹ ವಿಶ್ವಾಸ ಭಾಷಣಗಳಿಂದ ದೊರೆಯುವುದಿಲ್ಲ.

ಪ್ರವಾದಿ(ಸ)ಯವರನ್ನು ಮಕ್ಕಾದ ಜನರು ಪ್ರವಾದಿತ್ವಕ್ಕೆ ಮುನ್ನವೇ ‘ಅಲ್ ಅಮೀನ್’ ಎಂದು ಕರೆದಿದ್ದರು. ಹಿಜ್ರತ್‌ನ ರಾತ್ರಿಯಲ್ಲೂ ವಿರೋಧಿಗಳು ನಂಬಿ ಇಟ್ಟಿದ್ದ ಸೊತ್ತುಗಳು ಅವರ ಬಳಿಯಲ್ಲೇ ಇದ್ದವು. ಅವನ್ನು ಮರಳಿಸುವ ಹೊಣೆಯನ್ನು ಅಲೀ(ರ)ಯವರಿಗೆ ವಹಿಸಿಯೇ ಅವರು ಹೊರಟರು.

ಹಾಜಿಯವರು ದಾನವಿತ್ತ ಭೂಮಿಯಲ್ಲಿ ಉಡುಪಿಯ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆ ನಿಂತಿದೆ. ಹೆರಿಗೆಗೆ ಬರುವವರ ಧರ್ಮವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ ಮುಂದಿನ ಮಹಾಸಭೆ ಸೇರಿದಾಗ, ಅಧ್ಯಕ್ಷರಾಗಬಯಸುವವರು ಹಿಂದೆ ವಹಿಸಿಕೊಂಡ ಹೊಣೆಗಳ ಲೆಕ್ಕಪತ್ರವನ್ನು ಮೊದಲು ಕೇಳೋಣ. ಶಾಲು ಹೊದಿಸುವ ಕಾರ್ಯಕ್ರಮ ಆಮೇಲಾಗಲಿ.