ಸೈಕಲ್ ಸವಾರನಿಗೆ ಬಿಗಿ ಕಾಲುಚೀಲವೇಕೆ?

ಮನುಷ್ಯನು ಎರಡು ಕಾಲುಗಳ ಮೇಲೆ ನೆಟ್ಟಗೆ ನಿಲ್ಲಲು ಕಲಿತುದಕ್ಕಾಗಿ ತೆತ್ತ ಬೆಲೆಗಳಲ್ಲಿ ಕಾಲಿನ ಬಾವೂ ಒಂದು. ಹೃದಯದಿಂದ ಹೊರಟ ರಕ್ತವು ಪಾದಕ್ಕೆ ಇಳಿಯುವುದು ಸುಲಭ. ಅಲ್ಲಿಂದ ಮರಳಿ ಮೇಲೇರುವುದು ಕಷ್ಟ. ಈ ಕಷ್ಟವನ್ನು ಪರಿಹರಿಸಲೆಂದು ವೈದ್ಯರು ರೋಗಿಗಳಿಗೆ ತೊಡಿಸುತ್ತಿದ್ದ ಬಿಗಿ ಕಾಲುಚೀಲಗಳು ಈಗ ಆಟದ ಸಾಮಾನುಗಳ ಅಂಗಡಿಗೂ ಬಂದಿವೆ. ಮೊಣಕಾಲಿನವರೆಗೆ ಏರುವ ಈ ಬಣ್ಣಬಣ್ಣದ ಚೀಲಗಳನ್ನು ಧರಿಸಿದರೆ ಸೈಕಲ್ ಸವಾರನ ಕಾಲು ದಣಿಯುವುದಿಲ್ಲ, ವೇಗ ಹೆಚ್ಚುತ್ತದೆ, ಮರುದಿನ ನೋವು ಕಾಣಿಸಿಕೊಳ್ಳುವುದಿಲ್ಲ ಎಂದು ಜಾಹೀರಾತುಗಳು ಸಾರುತ್ತವೆ. ವಿಜಯಪುರ, ಬಾಗಲಕೋಟೆಗಳ ಕಡೆ ಸೈಕಲ್ ಪಂದ್ಯವನ್ನೇ ಧ್ಯಾನಿಸುವ ತರುಣರಿಗಾಗಲಿ, ದಿನವೂ ಸೈಕಲ್ಲಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿಗಾಗಲಿ ಇಂತಹ ಚೀಲ ಬೇಕೆ? ಬೇಕಾದರೆ ಯಾವುದನ್ನು ಆರಿಸಬೇಕು? ಒಂದು ಜೊತೆಯ ಬೆಲೆ ಸಾಧಾರಣ ಕಾಲುಚೀಲದ ಬೆಲೆಯ ಹಲವು ಪಟ್ಟು ಎಂಬುದನ್ನು ನೆನೆದರೆ ಪ್ರಶ್ನೆ ಸಣ್ಣದಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸವಾರಿಯ ಹೊತ್ತಿನಲ್ಲಿ ಅದು ಅನಾವಶ್ಯಕ, ಸವಾರಿಯ ಅನಂತರ ಕೆಲವರಿಗೆ ಉಪಯುಕ್ತ, ಅಳತೆ ನೋಡದೆ ಕೊಳ್ಳುವುದಾದರೆ ಯಾರಿಗೂ ಬೇಡ.

ಅಭಿಪ್ರಾಯಕ್ಕೆ ಆಧಾರವಿರಬೇಕಷ್ಟೆ. ಆದುದರಿಂದ ಮೊದಲು ಕಾಲಿನೊಳಗಿನ ವ್ಯವಸ್ಥೆಯನ್ನು ನೋಡೋಣ. ಅಭಿಧಮನಿಗಳಲ್ಲಿರುವ ಪುಟ್ಟ ಕವಾಟಗಳನ್ನು ಇಟಲಿಯ ಫೆಬ್ರೀಷಿಯಸನು 1603ರಲ್ಲಿ ವರ್ಣಿಸಿದನು. ಅವು ರಕ್ತವನ್ನು ಒಂದೇ ದಿಕ್ಕಿಗೆ, ಅಂದರೆ ಹೃದಯದ ಕಡೆಗೆ ಬಿಡುವ ಬಾಗಿಲುಗಳೆಂಬುದನ್ನು ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟನು. ನಿಶ್ಚಲವಾಗಿ ನಿಂತವನ ಕಾಲಿನ ಹರಡಿನ ಬಳಿ ಅಭಿಧಮನಿಯ ಒತ್ತಡವು ಪಾದರಸದ ಸುಮಾರು 90 ಮಿಲಿಮೀಟರಿನಷ್ಟಿರುತ್ತದೆ. ಹೃದಯದಿಂದ ಹರಡಿನವರೆಗಿನ ರಕ್ತಸ್ತಂಭದ ಭಾರವೇ ಇದಕ್ಕೆ ಕಾರಣ. ಆದರೆ ಅದೇ ಮನುಷ್ಯ ನಡೆಯಲಾರಂಭಿಸಿದೊಡನೆ ಈ ಒತ್ತಡ 20ರಿಂದ 30 ಮಿಲಿಮೀಟರಿಗೆ ಇಳಿದುಬಿಡುತ್ತದೆ! ಮೀನಖಂಡದ ಸ್ನಾಯುಗಳು ಸಂಕೋಚಿಸಿದಾಗಲೆಲ್ಲ ನಡುವಣ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಕವಾಟಗಳು ಅದು ಹಿಂದಿರುಗದಂತೆ ತಡೆಯುತ್ತವೆ. ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದು ಇದರಿಂದಲೇ.

ಬಿಗಿ ಕಾಲುಚೀಲವು ಈ ಎರಡನೆಯ ಹೃದಯಕ್ಕೆ ಹೊರಗಿನಿಂದ ಕೊಡುವ ಆಸರೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಎಂಜಿನಿಯರ್ ಕಾನ್ರಾಡ್ ಜೋಬ್ಸ್ಟ್ ಎಂಬವರು ಅಭಿಧಮನಿಯ ರೋಗದಿಂದ ಬಳಲುತ್ತಿದ್ದರು. ಈಜುಕೊಳದಲ್ಲಿ ನಿಂತಾಗ ಕಾಲಿನ ನೋವು ಕಡಮೆಯಾಗುವುದನ್ನು ಅವರು ಗಮನಿಸಿದರು. ನೀರಿನ ಒತ್ತಡ ಆಳದೊಂದಿಗೆ ಹೆಚ್ಚುತ್ತದೆ. ರಕ್ತದ ಒತ್ತಡವೂ ಕಾಲಿನಲ್ಲಿ ಕೆಳಗಿಳಿದಂತೆ ಹೆಚ್ಚುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ಹರಡಿನಲ್ಲಿ ಹೆಚ್ಚು ಬಿಗಿಯಾಗಿಯೂ ಮೇಲೇರಿದಂತೆ ಸಡಿಲವಾಗಿಯೂ ಇರುವ ಚೀಲವನ್ನು ಅವರು ರೂಪಿಸಿದುದು ಈ ತತ್ತ್ವದ ಮೇಲೆಯೆ. ಇಂದು ಮಾರಾಟಕ್ಕಿರುವ 20 ಮಿಲಿಮೀಟರ್ ಒತ್ತಡದ ಚೀಲವು ಹರಡಿನ ಮೇಲೆ ಸುಮಾರು 27 ಸೆಂಟಿಮೀಟರ್ ಆಳದ ನೀರಿನಷ್ಟೇ ಒತ್ತಡವನ್ನು ಹೇರುತ್ತದೆಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ಕಾಣಬಹುದು.

ಇಷ್ಟನ್ನು ತಿಳಿದ ಮೇಲೆ ಸೈಕಲ್ಲಿಗೆ ಬರೋಣ. ಸವಾರನು ನಿಮಿಷಕ್ಕೆ 80ರಿಂದ 90 ಸಲ ಪೆಡಲನ್ನು ತಿರುಗಿಸುತ್ತಾನೆ. ಅಷ್ಟೂ ಸಲ ಅವನ ಮೀನಖಂಡ ಸಂಕೋಚಿಸಿ ಸಡಿಲಗೊಳ್ಳುತ್ತದೆ. ಎರಡನೆಯ ಹೃದಯವು ಹೀಗೆ ಭರದಿಂದ ದುಡಿಯುತ್ತಿರುವಾಗ ಆರೋಗ್ಯವಂತನಿಗೆ ಹೊರಗಿನ ಆಸರೆಯಿಂದ ಆಗಬೇಕಾದ ಕೆಲಸ ಉಳಿಯುವುದೆಷ್ಟು? ಓಟಗಾರನ ವಿಷಯದಲ್ಲಿ ಇನ್ನೊಂದು ವಾದವುಂಟು. ಪಾದ ನೆಲಕ್ಕೆ ಅಪ್ಪಳಿಸಿದಾಗಲೆಲ್ಲ ಮೀನಖಂಡ ಅದುರುತ್ತದೆ. ಚೀಲ ಆ ಅದುರುವಿಕೆಯನ್ನು ತಗ್ಗಿಸುತ್ತದೆ ಎಂದು ಹೇಳುತ್ತಾರೆ. ಆದರೆ ಸೈಕಲ್ ಸವಾರನ ಪಾದ ನೆಲವನ್ನು ಬಡಿಯುವುದೇ ಇಲ್ಲ. ಅವನ ಹೆಚ್ಚಿನ ಬಲ ಬರುವುದು ತೊಡೆಯಿಂದ. ಮೊಣಕಾಲಿನ ಕೆಳಗೇ ನಿಲ್ಲುವ ಚೀಲ ತೊಡೆಯನ್ನು ಮುಟ್ಟುವುದೂ ಇಲ್ಲ. ಒಬ್ಬನ ರೋಗಕ್ಕೆ ಕೊಟ್ಟ ಮದ್ದನ್ನು ಇನ್ನೊಬ್ಬನಿಗೆ ಕುಡಿಸಿದಂತೆ, ಓಟದ ವಾದವನ್ನು ಸೈಕಲ್ಲಿಗೆ ಹೊಂದಿಸುವುದು ಸರಿಯಲ್ಲ.

ಪಂದ್ಯವೀರರು ಇವನ್ನು ಧರಿಸುತ್ತಾರಲ್ಲ ಎಂದು ಕೇಳುವವರುಂಟು. ಧರಿಸುವುದು ನಿಜ, ಆದರೆ ಬಹುಮಟ್ಟಿಗೆ ಪಂದ್ಯ ಮುಗಿದ ಮೇಲೆ, ಪ್ರಯಾಣದಲ್ಲಿ ಮತ್ತು ವಿಶ್ರಾಂತಿಯಲ್ಲಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದ ಪ್ರಕಾರ ಪಂದ್ಯದಲ್ಲಿ ತೊಡುವ ಕಾಲುಚೀಲವು, ಹರಡಿನ ಹೊರಮೂಳೆಯ ಮಧ್ಯಕ್ಕೂ ಮೊಣಕಾಲಿನ ಕೆಳಗಿರುವ ಫಿಬ್ಯುಲಾ ಮೂಳೆಯ ತಲೆಗೂ ನಡುವಣ ಅಂತರದ ಅರ್ಧವನ್ನು ಮೀರಿ ಮೇಲೇರಕೂಡದು. ಇದನ್ನು ಅಳೆಯಲು 2019ರಲ್ಲಿ ಒಂದು ಉಪಕರಣವನ್ನೇ ಬಳಕೆಗೆ ತಂದರು. ನಿಯಮದ ಹಿಂದಿರುವುದು ರಕ್ತಪರಿಚಲನೆಯ ಚಿಂತೆಯಲ್ಲ. ಉದ್ದನೆಯ ಚೀಲದ ನೇಯ್ಗೆಯಿಂದ ಗಾಳಿಯ ತಡೆಯನ್ನು ತಗ್ಗಿಸಿಕೊಳ್ಳುವ ಉಪಾಯಕ್ಕೆ ಕಡಿವಾಣ. ಏನೇ ಇರಲಿ, ಮೊಣಕಾಲಿನವರೆಗಿನ ಚೀಲ ತೊಟ್ಟು ಅಂತಹ ಪಂದ್ಯದಲ್ಲಿ ಓಡಿಸುವಂತಿಲ್ಲ.

ಪರೀಕ್ಷೆಗಳು ಏನನ್ನು ಹೇಳುತ್ತವೆ? ವ್ಯಾಯಾಮದ ಹೊತ್ತಿನಲ್ಲಿ ಧರಿಸಿದರೆ ಸಾಮರ್ಥ್ಯದಲ್ಲಿ ಕಾಣುವ ವ್ಯತ್ಯಾಸ ಅತ್ಯಲ್ಪ ಅಥವಾ ಶೂನ್ಯ. ವ್ಯಾಯಾಮದ ಅನಂತರ ಧರಿಸಿದರೆ ಸ್ನಾಯುನೋವು ಸ್ವಲ್ಪ ಕಡಮೆಯಾಯಿತೆಂದು ಹೇಳುವವರು ಇದ್ದಾರೆ. ಇಲ್ಲಿಯೂ ಒಂದು ತೊಡಕಿದೆ. ಗುಳಿಗೆಯ ಪರೀಕ್ಷೆಯಲ್ಲಿ ನಿಜವಾದ ಗುಳಿಗೆ ಯಾವುದು, ಸಕ್ಕರೆಯ ಗುಳಿಗೆ ಯಾವುದು ಎಂಬುದನ್ನು ಮುಚ್ಚಿಡಬಹುದು. ಬಿಗಿಯಾದ ಚೀಲವನ್ನು ತೊಟ್ಟವನಿಂದ ಅದರ ಬಿಗಿಯನ್ನು ಮುಚ್ಚಿಡುವುದು ಹೇಗೆ? ನಂಬಿಕೆಯೂ ನೋವನ್ನು ತಗ್ಗಿಸಬಲ್ಲುದು. ಚೀಲವು ಲ್ಯಾಕ್ಟಿಕ್ ಆಮ್ಲವನ್ನು ತೊಳೆದು ಮರುದಿನದ ನೋವನ್ನು ತಪ್ಪಿಸುತ್ತದೆಂಬ ಮಾತಂತೂ ನಿಲ್ಲುವುದಿಲ್ಲ. ವ್ಯಾಯಾಮ ನಿಂತ ಸುಮಾರು ಒಂದು ಗಂಟೆಯೊಳಗೆ ಅದರ ಪ್ರಮಾಣ ತಾನಾಗಿಯೇ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಮರುದಿನದ ನೋವಿಗೆ ಅದು ಕಾರಣವೇ ಅಲ್ಲ.

ತತ್ತ್ವ ಚೆನ್ನಾಗಿದೆಯೆಂದ ಮಾತ್ರಕ್ಕೆ ಫಲವೂ ದೊರೆತೀತೆಂದು ತಿಳಿಯಬಾರದು. ನಾಲ್ಕು ಗಂಟೆಗೂ ಮಿಕ್ಕಿದ ವಿಮಾನಯಾನದಲ್ಲಿ ಬಿಗಿ ಕಾಲುಚೀಲವು ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಕಡಮೆ ಮಾಡುತ್ತದೆಂದು ಪರೀಕ್ಷೆಗಳಿಂದ ತಿಳಿದಿದೆ. ಅದೇ ತತ್ತ್ವವನ್ನು ನಂಬಿ ಪಾರ್ಶ್ವವಾಯು ರೋಗಿಗಳಿಗೆ ತೊಡೆಯವರೆಗಿನ ಚೀಲ ತೊಡಿಸುತ್ತಿದ್ದರು. 2009ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಅದರಿಂದ ಗಣನೀಯ ಪ್ರಯೋಜನ ಕಾಣಲಿಲ್ಲ. ಬದಲಾಗಿ ಚರ್ಮದ ಹುಣ್ಣುಗಳು ಹೆಚ್ಚಿದುವು. ಪರೀಕ್ಷಿಸದೆ ಹೋಗಿದ್ದರೆ ಒಳಿತೆಂಬ ನಂಬಿಕೆಯಿಂದಲೇ ಕೆಡುಕನ್ನು ಮುಂದುವರಿಸುತ್ತಿದ್ದರಷ್ಟೆ!

ನಮ್ಮ ವಿದ್ಯಾರ್ಥಿಗಳೂ ಪರೀಕ್ಷಿಸಬಹುದು. ದೂರದ ಸವಾರಿಯ ಅನಂತರ ನಾಣ್ಯವನ್ನು ಚಿಮ್ಮಿ, ಯಾವ ಕಾಲಿಗೆ ಚೀಲವೆಂಬುದನ್ನು ನಿರ್ಧರಿಸಿ. ಹರಡಿನಿಂದ 10 ಸೆಂಟಿಮೀಟರ್ ಮೇಲೆ ಎರಡೂ ಕಾಲುಗಳ ಸುತ್ತಳತೆಯನ್ನು ಚೀಲ ತೊಡುವ ಮೊದಲೂ ಎರಡು ಗಂಟೆಯ ಅನಂತರವೂ ಸ್ನೇಹಿತನೊಬ್ಬ ಅಳೆಯಲಿ. ಹಿಂದಿನ ಅಂಕಿಗಳನ್ನು ಅವನಿಗೆ ತೋರಿಸಬೇಡಿ. ಹತ್ತು ಸವಾರಿಗಳಲ್ಲಿ ಹೀಗೆ ಮಾಡಿ. ಆರು ಸಲ ಚೀಲದ ಕಾಲೇ ಹೆಚ್ಚು ಇಳಿದಿದ್ದರೆ ಹಿಗ್ಗಬೇಡಿ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೂ ಆರು ಅಥವಾ ಹೆಚ್ಚು ಸಲ ಮೊದಲೇ ಗೊತ್ತುಮಾಡಿದ ಮುಖ ಬೀಳುವ ಸಂಭವ ನೂರಕ್ಕೆ ಸುಮಾರು 38ರಷ್ಟಿದೆ. ಒಂಬತ್ತು ಸಲವೋ ಹತ್ತು ಸಲವೋ ಆದರೆ ಮಾತು ಬೇರೆ. ಅದರ ಸಂಭವ ನೂರಕ್ಕೆ ಒಂದರಷ್ಟು ಮಾತ್ರ.

ಇನ್ನು ಆಯ್ಕೆಯ ವಿಚಾರ. ಮೊದಲನೆಯದಾಗಿ, ಹರಡಿನ ಅತಿ ಸಣ್ಣ ಭಾಗದ ಮತ್ತು ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆಗಳನ್ನು ಬಾವಿಲ್ಲದ ಮುಂಜಾನೆಯ ಹೊತ್ತಿನಲ್ಲಿ ತೆಗೆದುಕೊಳ್ಳಿ. ಬೂಟಿನ ಅಳತೆಯನ್ನು ಮಾತ್ರ ಕೇಳುವ ಚೀಲವನ್ನು ಬಿಟ್ಟುಬಿಡಿ. ಕಾರಣವನ್ನು ಲಾಪ್ಲಾಸನ ನಿಯಮ ಹೇಳುತ್ತದೆ: ಬಟ್ಟೆಯ ಎಳೆತವನ್ನು ಕಾಲಿನ ತ್ರಿಜ್ಯದಿಂದ ಭಾಗಿಸಿದರೆ ಒತ್ತಡ ಬರುತ್ತದೆ. ಎಳೆತ ಒಂದೇ ಆಗಿದ್ದರೆ, 22 ಸೆಂಟಿಮೀಟರ್ ಸುತ್ತಳತೆಯ ಹರಡಿನಲ್ಲಿ 20 ಮಿಲಿಮೀಟರಿರುವ ಒತ್ತಡವು 35 ಸೆಂಟಿಮೀಟರಿನ ಮೀನಖಂಡದಲ್ಲಿ ಸುಮಾರು 12½ಕ್ಕೆ ಇಳಿಯುತ್ತದೆ. ಆದರೆ ಒಂದೇ ಅಗಲದ ಕೊಳವೆಯಂತೆ ಹೆಣೆದ ಅಗ್ಗದ ಚೀಲವು ದಪ್ಪ ಭಾಗದಲ್ಲಿ ಹೆಚ್ಚು ಹಿಗ್ಗಿ, ಎಳೆತವೂ ಅಲ್ಲಿಯೇ ಹೆಚ್ಚಿ, ಮೇಲುಗಡೆಯೇ ಬಿಗಿಯಾಗಬಹುದು. ಆಗ ಆಗುವುದು ಆಸರೆಯಲ್ಲ, ಅಡ್ಡಗಟ್ಟೆ. ಎರಡನೆಯದಾಗಿ, ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ನಮೂದಿಸಿರುವ ಚೀಲವನ್ನೇ ಕೊಳ್ಳಿ. ಆರೋಗ್ಯವಂತರಿಗೆ 15ರಿಂದ 20 ಸಾಕು, ಅದಕ್ಕೂ ಬಿಗಿಯಾದುದು ವೈದ್ಯರ ಸಲಹೆಯಿಲ್ಲದೆ ಬೇಡ. ಮೂರನೆಯದಾಗಿ, ಮೇಲಂಚನ್ನು ಮಡಚಬೇಡಿ. ಮಡಚಿದ ಕಡೆ ಒತ್ತಡ ಇಮ್ಮಡಿಯಾಗುತ್ತದೆ. ಬೆರಳು ಜೋಮು ಹಿಡಿದರೆ, ಬಣ್ಣಗೆಟ್ಟರೆ ಕೂಡಲೇ ಕಳಚಿ. ಸಕ್ಕರೆಕಾಯಿಲೆಯವರೂ ಕಾಲಿನ ಅಪಧಮನಿಯ ರೋಗವುಳ್ಳವರೂ ವೈದ್ಯರನ್ನು ಕೇಳದೆ ಇವನ್ನು ಮುಟ್ಟಲೇಬಾರದು. ಒಂದೇ ಕಾಲು ಹಠಾತ್ತನೆ ಊದಿ ನೋಯುತ್ತಿದ್ದರೆ ಹೋಗಬೇಕಾದುದು ಅಂಗಡಿಗಲ್ಲ, ಆಸ್ಪತ್ರೆಗೆ.

ಕೈಯಲ್ಲಿ ಸ್ವಲ್ಪವೇ ಹಣವಿರುವ ತರುಣನಿಗೆ ನನ್ನ ಸಲಹೆಯಿಷ್ಟೆ. ಮೊದಲು ಬ್ರೇಕು, ಟೈರುಗಳನ್ನು ಸರಿಪಡಿಸಿಕೊಳ್ಳಲಿ. ಸೀಟಿನ ಮೇಲೆ ಕುಳಿತು ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿಯನ್ನಿಟ್ಟಾಗ ಕಾಲು ನೆಟ್ಟಗಾಗುವಷ್ಟು ಎತ್ತರಕ್ಕೆ ಸೀಟನ್ನು ಏರಿಸಿಕೊಳ್ಳಲಿ; ಇದಕ್ಕೆ ಒಂದು ಸ್ಪ್ಯಾನರ್ ಸಾಕು, ಮೊಣಕಾಲಿಗೆ ಆಗುವ ಉಪಕಾರ ದೊಡ್ಡದು. ಸವಾರಿ ಮುಗಿದ ಮೇಲೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಅರ್ಧ ಗಂಟೆ ಮಲಗಲಿ. ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಆ ಕೆಲಸವನ್ನು ಭೂಮಿಯ ಆಕರ್ಷಣೆಯೇ ಆಗ ಮಾಡಿಕೊಡುತ್ತದೆ, ಬೆಲೆಯನ್ನು ಕೇಳದೆ. ಇಷ್ಟೆಲ್ಲ ಆದ ಮೇಲೂ ಹಣ ಮಿಕ್ಕಿ, ತನ್ನದೇ ಪರೀಕ್ಷೆಯಲ್ಲಿ ಗುಣ ಕಂಡಿದ್ದರೆ, ಕಾಲುಚೀಲವನ್ನು ಸಂತೋಷದಿಂದ ಧರಿಸಲಿ. ಜಾಹೀರಾತಿನ ಮಾತಿಗಿಂತ ತಾನು ಬರೆದಿಟ್ಟ ಹತ್ತು ಅಂಕಿಗಳನ್ನು ನಂಬುವವನು ಚೀಲವನ್ನು ಕೊಂಡರೂ ಬಿಟ್ಟರೂ ಮೋಸಹೋಗುವುದಿಲ್ಲ.